ಕೃತಕ ರಕ್ತವೂ ಸಲಹೆಗಾರರ ಧರ್ಮವೂ

ಹೊಸ ಔಷಧವೊಂದನ್ನು ಸಿದ್ಧಪಡಿಸಲು ಹೊರಟ ಅಮೆರಿಕದ ಕಂಪನಿಯೊಂದರ ವಾರ್ಷಿಕ ವರದಿಯನ್ನು ತೆರೆದು ನೋಡಿದರೆ, ನಿರ್ದೇಶಕರ ಹೆಸರುಗಳು ಮುಗಿದ ತರುವಾಯ ಇನ್ನೊಂದು ಹೆಸರುಗಳ ಸಾಲು ಕಣ್ಣಿಗೆ ಬೀಳುವುದುಂಟು. ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರು, ದೊಡ್ಡ ಆಸ್ಪತ್ರೆಗಳ ಶಸ್ತ್ರವೈದ್ಯರು, ರಸಾಯನಶಾಸ್ತ್ರದಲ್ಲಿಯೋ ಶರೀರಶಾಸ್ತ್ರದಲ್ಲಿಯೋ ಆಜೀವ ದುಡಿದು ಕೀರ್ತಿ ಸಂಪಾದಿಸಿದ ವಿದ್ವಾಂಸರು ಅದರಲ್ಲಿರುತ್ತಾರೆ. ಇವರದು ವೈಜ್ಞಾನಿಕ ಸಲಹಾಮಂಡಲಿ. ಕಂಪನಿಯ ನೌಕರರಲ್ಲದ ಇವರು ವರ್ಷಕ್ಕೆ ಕೆಲವು ಸಲ ಸಭೆ ಸೇರಿ, ಪ್ರಯೋಗಶಾಲೆಯ ಫಲಿತಾಂಶಗಳನ್ನು ಪರಿಶೀಲಿಸಿ, ಯಾವ ದಾರಿಯನ್ನು ಹಿಡಿಯಬಹುದು, ಯಾವುದನ್ನು ಕೈಬಿಡತಕ್ಕದ್ದು ಎಂಬುದನ್ನು ಹೇಳಿ, ಗೌರವಧನವನ್ನೋ ಕೆಲವೊಮ್ಮೆ ಕಂಪನಿಯ ಷೇರುಗಳನ್ನೋ ಪಡೆದು ತಮ್ಮ ಕೆಲಸಕ್ಕೆ ಹಿಂದಿರುಗುತ್ತಾರೆ. ಅವರ ಮಾತನ್ನು ನಡೆಸಲೇಬೇಕೆಂಬ ಕಟ್ಟಳೆ ಕಂಪನಿಗೆ ಇಲ್ಲ. ಆದರೂ ಹಣ ಹೂಡುವವನು ಆ ಹೆಸರುಗಳನ್ನು ನೋಡಿ ಧೈರ್ಯ ತಾಳುತ್ತಾನೆ. ರೋಗಿಯ ಬಳಿ ನಿಂತ ವೈದ್ಯನೂ ಬಹುಮಟ್ಟಿಗೆ ಆ ಹೆಸರುಗಳ ಭರವಸೆಯ ಮೇಲೆಯೇ ಹೊಸ ದ್ರವವೊಂದನ್ನು ಮನುಷ್ಯನ ನಾಳಕ್ಕೆ ಹರಿಸಲು ಒಪ್ಪುತ್ತಾನೆ.

ಇಂತಹ ಸಲಹೆಯ ಬೆಲೆಯೇನೆಂಬುದನ್ನು ಅಳೆದು ನೋಡಲು ಕೃತಕ ರಕ್ತದ ಚರಿತ್ರೆಗಿಂತ ತಕ್ಕ ಉದಾಹರಣೆ ನನಗೆ ತಿಳಿದಂತೆ ಬೇರೊಂದಿಲ್ಲ. ಕಳೆದ ಶತಮಾನದ ಅತ್ಯುತ್ತಮ ಬುದ್ಧಿಗಳಲ್ಲಿ ಹಲವು ಈ ಕಾರ್ಯಕ್ಕೆ ಸಂದಿವೆ. ಕೋಟ್ಯಂತರ ಡಾಲರುಗಳು ವ್ಯಯವಾಗಿವೆ. ಕಂಪನಿಗಳು ಹುಟ್ಟಿ, ಷೇರುಪೇಟೆಯಲ್ಲಿ ಮೆರೆದು, ಮುಚ್ಚಿಹೋಗಿವೆ. ಇಷ್ಟಾದರೂ, ಅಪಘಾತದಲ್ಲಿ ನೆತ್ತರು ಸುರಿದುಹೋದವನಿಗೆ ಇಂದಿಗೂ ಆಸರೆ ಇನ್ನೊಬ್ಬ ಮನುಷ್ಯನು ಕೊಟ್ಟ ನೆತ್ತರೇ.

ಬದಲಿ ರಕ್ತ ಬೇಕೆಂಬ ಹಂಬಲಕ್ಕೆ ಕಾರಣಗಳು ಸ್ಪಷ್ಟವಾಗಿವೆ. ದಾನಿಯಿಂದ ಪಡೆದ ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಜೋಪಾನ ಮಾಡಿದರೂ 35 ದಿನ, ಪೋಷಕ ದ್ರಾವಣ ಬೆರೆಸಿದರೆ 42 ದಿನ ಮಾತ್ರ ಇಡಬಹುದು. ದಾನಿಯ ಗುಂಪಿಗೂ ರೋಗಿಯ ಗುಂಪಿಗೂ ಹೊಂದಿಕೆಯಾಗಬೇಕು. 1952ರಲ್ಲಿ ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಮುಂಬಯಿಯಲ್ಲಿ ಗುರುತಿಸಿದ 'ಬಾಂಬೆ ರಕ್ತದ ಗುಂಪಿ'ನವರಂತೂ ತಮ್ಮದೇ ಗುಂಪಿನವರಿಂದಲ್ಲದೆ ಬೇರೆಯವರಿಂದ, ಓ ಗುಂಪಿನವರಿಂದಲೂ, ರಕ್ತ ಪಡೆಯುವಂತಿಲ್ಲ. ರಣರಂಗದಲ್ಲಿ ಗಾಯಗೊಂಡ ಸೈನಿಕನ ಬಳಿಗೆ, ಹೆದ್ದಾರಿಯಲ್ಲಿ ಬಿದ್ದವನ ಬಳಿಗೆ, ದೂರದ ಹಳ್ಳಿಯಲ್ಲಿ ಹೆರಿಗೆಯ ತರುವಾಯ ರಕ್ತಸ್ರಾವ ನಿಲ್ಲದ ಬಾಣಂತಿಯ ಬಳಿಗೆ ಶೈತ್ಯಾಗಾರವನ್ನೂ ಪರೀಕ್ಷಾಗೃಹವನ್ನೂ ಒಯ್ಯುವುದು ಎಲ್ಲ ವೇಳೆಯಲ್ಲಿಯೂ ಸಾಧ್ಯವಾಗುವ ಮಾತಲ್ಲ. ಇವೆಲ್ಲದರ ಮೇಲೆ, 1980ರ ದಶಕದಲ್ಲಿ ಏಡ್ಸ್ ರೋಗವು ರಕ್ತದ ಮೂಲಕ ಹರಡಿ, 1985ರಲ್ಲಿ ಪರೀಕ್ಷೆ ದೊರೆಯುವ ಮೊದಲೇ ಅಮೆರಿಕದಲ್ಲಿ ಸಾವಿರಾರು ಮಂದಿಯನ್ನು ಆಕ್ರಮಿಸಿದಾಗ, ಆಸ್ಪತ್ರೆಯ ರಕ್ತವೆಂದರೆ ಜನ ಭಯಪಡುವಂತಾಯಿತು. ಕೃತಕ ರಕ್ತದ ಕಂಪನಿಗಳಿಗೆ ಹಣ ಹರಿದುಬಂದುದು ಹೆಚ್ಚಾಗಿ ಆ ಭಯದ ದಿನಗಳಲ್ಲಿ.

ರಕ್ತ ಮಾಡುವ ಕೆಲಸಗಳೆಲ್ಲವನ್ನೂ ಮಾಡಬಲ್ಲ ದ್ರವವನ್ನು ಯಾರೂ ಕನಸು ಕಂಡವರಲ್ಲ. ರೋಗನಿರೋಧ, ಹೆಪ್ಪುಗಟ್ಟುವಿಕೆ, ಪೋಷಣೆ ಇವುಗಳನ್ನು ಬದಿಗಿಟ್ಟು, ಆಮ್ಲಜನಕವನ್ನು ಹೊರುವ ಒಂದೇ ಕೆಲಸವನ್ನು ಕೆಲವು ಗಂಟೆಗಳ ಪರ್ಯಂತ ನಿರ್ವಹಿಸಿದರೆ ಸಾಕೆಂಬುದೇ ವಿಜ್ಞಾನಿಗಳ ಮಿತವಾದ ಆಕಾಂಕ್ಷೆ. ಒಂದು ಕೆಂಪು ಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿದ್ದು, ಒಂದೊಂದು ಅಣುವೂ ಆಮ್ಲಜನಕದ ನಾಲ್ಕು ಅಣುಗಳನ್ನು ಹೊರುತ್ತದೆ. 100 ಮಿಲಿಲೀಟರ್ ರಕ್ತ ಹೀಗೆ ಸುಮಾರು 20 ಮಿಲಿಲೀಟರ್ ಆಮ್ಲಜನಕವನ್ನು ಸಾಗಿಸುವಾಗ, ಅದರ ನೀರಿನ ಭಾಗದಲ್ಲಿ ಕರಗಿ ಸಾಗುವುದು 1 ಮಿಲಿಲೀಟರಿಗೂ ಕಡಮೆ. ಹಾಗಾದರೆ ಹಿಮೋಗ್ಲೋಬಿನ್ನನ್ನೇ ಕಣದಿಂದ ಬೇರ್ಪಡಿಸಿ, ಶುದ್ಧಿಮಾಡಿ, ಉಪ್ಪುನೀರಿನಲ್ಲಿ ಬೆರೆಸಿ ಏಕೆ ಕೊಡಬಾರದು? ರಕ್ತದ ಗುಂಪನ್ನು ಸೂಚಿಸುವ ಗುರುತುಗಳು ಕಣದ ಪೊರೆಯ ಮೇಲಿರುವುದರಿಂದ, ಪೊರೆ ಹೋದರೆ ಗುಂಪಿನ ತೊಡಕೂ ಹೋಗುವುದು. ಈ ತರ್ಕ ಎಷ್ಟು ಸರಳವೂ ಮನೋಹರವೂ ಆಗಿತ್ತೆಂದರೆ, ಮುಂದೆ ಅರ್ಧ ಶತಮಾನಕ್ಕೂ ಮಿಕ್ಕು ಅದು ವಿದ್ವಾಂಸರನ್ನು ತನ್ನ ಹಿಂದೆ ಕರೆದೊಯ್ದಿತು.

ಅಮೆರಿಕದ ಶರೀರಶಾಸ್ತ್ರಜ್ಞ ವಿಲಿಯಮ್ ಆಂಬರ್‌ಸನ್ 1930ರ ದಶಕದಲ್ಲಿ ಬೆಕ್ಕುಗಳ ರಕ್ತವನ್ನೆಲ್ಲ ತೆಗೆದು, ಅದಕ್ಕೆ ಪ್ರತಿಯಾಗಿ ಹಿಮೋಗ್ಲೋಬಿನ್ ದ್ರಾವಣವನ್ನು ತುಂಬಿದರು. ಬೆಕ್ಕುಗಳು ಕೆಲವು ಕಾಲ ಜೀವದಿಂದ ಓಡಾಡಿಕೊಂಡಿದ್ದುವು. 1949ರಲ್ಲಿ ಅವರೂ ಅವರ ಸಂಗಡಿಗರೂ ಮನುಷ್ಯರ ಮೇಲಿನ ಅನುಭವವನ್ನು ಪ್ರಕಟಿಸಿದರು. ಹೆರಿಗೆಯ ರಕ್ತಸ್ರಾವದಿಂದ ಸಾವಿನ ಅಂಚಿಗೆ ಬಂದಿದ್ದ ಮಹಿಳೆಯೊಬ್ಬಳಿಗೆ ಈ ದ್ರಾವಣವನ್ನು ಕೊಟ್ಟಾಗ ಆಕೆ ಚೇತರಿಸಿಕೊಂಡಳಾದರೂ, ದಿನಗಳೆದಂತೆ ಮೂತ್ರಪಿಂಡಗಳು ಕೆಟ್ಟು ಆಕೆ ಉಳಿಯಲಿಲ್ಲ. ಕಣದಿಂದ ಹೊರಬಂದ ಹಿಮೋಗ್ಲೋಬಿನ್ ಎರಡು ಹೋಳಾಗಿ ಮೂತ್ರಪಿಂಡದ ಸೋಸುವ ಜಾಲದೊಳಕ್ಕೆ ನುಗ್ಗಿ ಅದನ್ನು ಹಾಳುಮಾಡುತ್ತದೆಂಬುದು ಕಾಲಕ್ರಮದಲ್ಲಿ ತಿಳಿದುಬಂದಿತು. ಆಂಬರ್‌ಸನ್ ತಮ್ಮ ವಿಫಲತೆಯನ್ನು ಮುಚ್ಚಿಡದೆ ಬರೆದಿಟ್ಟುದು ಮುಂದಿನವರಿಗೆಲ್ಲ ಉಪಕಾರವಾಯಿತು.

ಹೋಳಾಗುವ ಅಣುವನ್ನು ಹೋಳಾಗದಂತೆ ಬಿಗಿಯುವುದೇ ತರುವಾಯದ ಕಾರ್ಯ. ಅಣುವನ್ನು ಬಿಗಿಯಬೇಕಾದರೆ ಅದರ ಆಕಾರ ತಿಳಿದಿರಬೇಕು. ಆ ಆಕಾರವನ್ನು ಕೇಂಬ್ರಿಜ್‌ನಲ್ಲಿ 1937ರಿಂದ ಬೆನ್ನುಹತ್ತಿ, ಎರಡು ದಶಕಗಳಿಗೂ ಮೀರಿದ ತಪಸ್ಸಿನಿಂದ ಕಂಡುಕೊಟ್ಟವರು ಮ್ಯಾಕ್ಸ್ ಪೆರುಟ್ಜ್. ಆ ಸಾಧನೆಗಾಗಿ 1962ರಲ್ಲಿ ಜಾನ್ ಕೆಂಡ್ರೂ ಅವರೊಡನೆ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡರು. ಆ ನಕ್ಷೆಯ ಆಧಾರದಿಂದ ರಸಾಯನಜ್ಞರು ಅಣುವಿನ ಭಾಗಗಳ ನಡುವೆ ಸೇತುವೆ ಕಟ್ಟಿದರು. ಕೊಲೊರಾಡೋದ ಬೋಲ್ಡರ್‌ನಲ್ಲಿದ್ದ ಸೊಮ್ಯಾಟೊಜೆನ್ ಎಂಬ ಕಂಪನಿ, ಎರಡು ಸರಪಳಿಗಳನ್ನು ಹುಟ್ಟಿನಿಂದಲೇ ಬೆಸೆದುಕೊಂಡ ಮಾನವ ಹಿಮೋಗ್ಲೋಬಿನ್ನನ್ನು ಬ್ಯಾಕ್ಟೀರಿಯಗಳಿಂದ ತಯಾರಿಸಿತು. ಮೂತ್ರಪಿಂಡದ ತೊಂದರೆ ಬಹುಮಟ್ಟಿಗೆ ತಪ್ಪಿತು. ಆದರೆ ಇನ್ನೊಂದು ತೊಂದರೆ ಅಲ್ಲಿಯೇ ಕಾದಿತ್ತು.

ಸಲಹೆಗಾರರ ಧರ್ಮವೆಂದರೇನೆಂಬ ಪ್ರಶ್ನೆ ಎದುರಾಗುವುದು ಇಲ್ಲಿಂದ ಮುಂದೆ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ ಲೆಟರ್‌ಮನ್ ಸಂಶೋಧನಾಲಯವಿದ್ದಿತು. ಗಾಯಾಳು ಸೈನಿಕರಿಗಾಗಿ ಬದಲಿ ರಕ್ತವನ್ನು ಸಿದ್ಧಪಡಿಸಬೇಕೆಂದು ಅಲ್ಲಿಯ ವಿಜ್ಞಾನಿಗಳು ಹಿಮೋಗ್ಲೋಬಿನ್ ಅಣುವಿಗೆ ಒಂದು ಬಗೆಯ ಅಡ್ಡಸೇತುವೆಯನ್ನು ಹಾಕಿ ಪರೀಕ್ಷಿಸುತ್ತಿದ್ದರು. ಅದೇ ಬಗೆಯ ಸೇತುವೆಯುಳ್ಳ ದ್ರವವನ್ನು ಬ್ಯಾಕ್ಸ್‌ಟರ್ ಎಂಬ ದೊಡ್ಡ ಔಷಧ ಕಂಪನಿ 'ಹೀಮ್‌ಅಸಿಸ್ಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತರಲು ಸಿದ್ಧತೆ ನಡೆಸಿತ್ತು. ರಕ್ತ ಕಳೆದುಕೊಂಡ ಹಂದಿಗಳಿಗೆ ಈ ದ್ರವವನ್ನು ಕೊಟ್ಟಾಗ ದೇಹದ ರಕ್ತದೊತ್ತಡವೂ ಶ್ವಾಸಕೋಶದ ರಕ್ತದೊತ್ತಡವೂ ಏರುವುದನ್ನು ಸೈನ್ಯದ ಸಂಶೋಧಕರು ಕಂಡು, 1993ರಲ್ಲಿ ಪ್ರಕಟಿಸಿದರು. ಸೈನ್ಯವು ಆ ದಾರಿಯನ್ನು ಬಿಟ್ಟಿತು, ಕಂಪನಿ ಬಿಡಲಿಲ್ಲ.

ಕಂಪನಿಯ ಕಡೆಯವರಿಗೆ ರಕ್ತದೊತ್ತಡ ಏರುವ ಸಂಗತಿ ತಿಳಿಯದೆ ಇರಲಿಲ್ಲ. ಅವರು ಅದನ್ನು ಬೇರೊಂದು ರೀತಿಯಾಗಿ ಓದಿದರು: ರಕ್ತ ಸುರಿದು ಒತ್ತಡ ಕುಸಿದ ರೋಗಿಗೆ ಒತ್ತಡ ಏರುವುದೇ ಬೇಕಾದುದಲ್ಲವೆ, ಇದು ಔಷಧದ ದೋಷವಾಗಿರದೆ ಗುಣವೇ ಆಗಬಹುದಲ್ಲವೆ ಎಂಬ ವಾದ ಆಗಿನ ವೈದ್ಯಕೀಯ ಲೇಖನಗಳಲ್ಲಿ ಗಂಭೀರವಾಗಿಯೇ ಮಂಡಿತವಾಯಿತು. ತಾರ್ಕಿಕವಾಗಿ ಅದರಲ್ಲಿ ಅಸಂಬದ್ಧವೇನೂ ಕಾಣದು. ಸುಳ್ಳು ಹೇಳುವವರಿಗಿಂತಲೂ, ನಿಜವನ್ನು ಅನುಕೂಲವಾದ ಕಡೆಯಿಂದ ಮಾತ್ರ ನೋಡುವ ವಿದ್ವಾಂಸರಿಂದ ವಿಜ್ಞಾನಕ್ಕೆ ಆಗುವ ಹಾನಿ ಹೆಚ್ಚೆಂದು ನನಗನ್ನಿಸುತ್ತದೆ. ಏಕೆಂದರೆ ಸುಳ್ಳನ್ನು ಪತ್ತೆಹಚ್ಚಬಹುದು, ಒಲವನ್ನು ಪತ್ತೆಹಚ್ಚುವುದು ಕಷ್ಟ. ಅಪಘಾತದ ಗಾಯಾಳುಗಳ ಮೇಲೆ ಅಮೆರಿಕದ ಆಸ್ಪತ್ರೆಗಳಲ್ಲಿ ಪ್ರಯೋಗ ಆರಂಭವಾಯಿತು. 1998ರಲ್ಲಿ ಮಧ್ಯಾವಧಿಯ ಲೆಕ್ಕವನ್ನು ತೆಗೆದು ನೋಡಿದಾಗ, ಹೀಮ್‌ಅಸಿಸ್ಟ್ ಪಡೆದ 52 ಮಂದಿಯಲ್ಲಿ 24 ಮಂದಿ ಸತ್ತಿದ್ದರು. ಕೇವಲ ಉಪ್ಪುನೀರಿನ ದ್ರಾವಣ ಪಡೆದ 46 ಮಂದಿಯಲ್ಲಿ ಸತ್ತವರು 8 ಮಂದಿ. ಪ್ರಯೋಗ ಕೂಡಲೇ ನಿಂತಿತು. ಆ ವರ್ಷವೇ ಬ್ಯಾಕ್ಸ್‌ಟರ್ ಹೀಮ್‌ಅಸಿಸ್ಟನ್ನು ಕೈಬಿಟ್ಟಿತು.

ಒತ್ತಡ ಏರುವುದೇಕೆಂಬುದಕ್ಕೆ ಉತ್ತರವೂ ಆ ಹೊತ್ತಿಗೆ ದೊರೆತಿತ್ತು. ರಕ್ತನಾಳಗಳ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸದಾ ಅಲ್ಪಪ್ರಮಾಣದಲ್ಲಿ ಸ್ರವಿಸುತ್ತ, ನಾಳಗಳನ್ನು ಸಡಿಲವಾಗಿ ತೆರೆದಿಡುತ್ತದೆ. ಈ ರಹಸ್ಯವನ್ನು ಬಿಡಿಸಿದ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಎಂಬ ಮೂವರಿಗೆ ನೊಬೆಲ್ ಸಂದುದು, ಕಾಕತಾಳೀಯವೆಂಬಂತೆ, ಅದೇ 1998ರಲ್ಲಿ. ಹಿಮೋಗ್ಲೋಬಿನ್ನಿಗೆ ಈ ಅನಿಲದ ಮೇಲೆ ತೀವ್ರವಾದ ಆಕರ್ಷಣೆ. ಕೆಂಪು ಕಣದ ಪೊರೆಯೊಳಗೆ ಅದು ಬಂದಿಯಾಗಿರುವ ತನಕ ನಾಳದ ಗೋಡೆಯಿಂದ ದೂರದಲ್ಲಿರುತ್ತದೆ. ಪೊರೆ ಕಳಚಿಕೊಂಡ ಹಿಮೋಗ್ಲೋಬಿನ್ ಗೋಡೆಯವರೆಗೂ ಹರಡಿ ನೈಟ್ರಿಕ್ ಆಕ್ಸೈಡನ್ನು ಹೀರಿಬಿಡುತ್ತದೆ. ನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ, ಆದರೆ ಬಿಗಿದ ನಾಳಗಳ ಮೂಲಕ ಅಂಗಾಂಗಗಳಿಗೆ ಹರಿಯುವ ರಕ್ತ ಕಡಮೆಯಾಗುತ್ತದೆ. ಮಾಪಕದಲ್ಲಿ ಒತ್ತಡದ ಅಂಕ ಚೆನ್ನಾಗಿ ಕಾಣುತ್ತಿರುವಾಗಲೇ ಹೃದಯದ ಸ್ನಾಯು ಆಮ್ಲಜನಕವಿಲ್ಲದೆ ನರಳುತ್ತಿರಬಹುದು.

ಸಲಹೆ ಎಂಬುದು ಸಾರ್ಥಕವಾಗುವ ಬಗೆಯನ್ನೂ ಇದೇ ಅಧ್ಯಾಯದಲ್ಲಿ ಕಾಣಬಹುದು. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾನಿಲಯದ ಜಾನ್ ಓಲ್ಸನ್ ಹಿಮೋಗ್ಲೋಬಿನ್ ಮತ್ತು ಅದರ ಬಂಧುವಾದ ಮಯೋಗ್ಲೋಬಿನ್‌ಗಳಲ್ಲಿ ಅನಿಲಗಳು ಕೂಡುವ ಪುಟ್ಟ ಗೂಡಿನ ರಚನೆಯನ್ನು ಬಹುಕಾಲ ಅಭ್ಯಾಸ ಮಾಡಿದವರು. ಸೊಮ್ಯಾಟೊಜೆನ್ನಿನ ಸಂಶೋಧಕರೊಡನೆ ಸೇರಿ ಅವರು ಆ ಗೂಡಿನ ಗೋಡೆಗಳನ್ನು ಒಂದಿಷ್ಟು ಬದಲಾಯಿಸಿ, ಆಮ್ಲಜನಕಕ್ಕೆ ಅವಕಾಶವಿದ್ದು ನೈಟ್ರಿಕ್ ಆಕ್ಸೈಡಿಗೆ ಅಡಚಣೆಯಾಗುವಂತಹ ಹೊಸ ಹಿಮೋಗ್ಲೋಬಿನ್‌ಗಳನ್ನು ರೂಪಿಸಿದರು. ಅನಿಲವನ್ನು ಹೀರುವ ವೇಗ ಕುಗ್ಗಿದಷ್ಟೂ ಪ್ರಾಣಿಗಳಲ್ಲಿ ರಕ್ತದೊತ್ತಡದ ಏರಿಕೆ ಕುಗ್ಗುವುದೆಂದು 1998ರಲ್ಲಿ ಪ್ರಕಟವಾದ ಅವರ ಲೇಖನ ತೋರಿಸಿಕೊಟ್ಟಿತು. ಕಂಪನಿಗೆ ಅಪ್ರಿಯವಾದ ಪ್ರಶ್ನೆಯನ್ನೇ ಎತ್ತಿಕೊಂಡು, ಅದನ್ನು ಕಂಪನಿಯ ಹಣದಿಂದಲೇ ಪರೀಕ್ಷಿಸಿ, ಫಲಿತಾಂಶವನ್ನು ಎಲ್ಲರ ಮುಂದಿಟ್ಟ ಈ ಕೆಲಸವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಆ ಔಷಧವೂ ಕೊನೆಗೆ ಮಾರುಕಟ್ಟೆಗೆ ಬರಲಿಲ್ಲವೆಂಬುದು ಬೇರೆ ಮಾತು. ಅದರಿಂದ ಬಂದ ಜ್ಞಾನ ಉಳಿದಿದೆ. ಲೆಟರ್‌ಮನ್ನಿನಲ್ಲಿ ಹಿಂದೆ ರಕ್ತ ಸಂಶೋಧನೆಯನ್ನು ನಡೆಸಿದ ರಾಬರ್ಟ್ ವಿನ್ಸ್‌ಲೋ ಮಾತ್ರ ನೈಟ್ರಿಕ್ ಆಕ್ಸೈಡಿನ ಕಾರಣವೊಂದೇ ಸಾಲದೆಂದು ಭಿನ್ನಾಭಿಪ್ರಾಯ ತಾಳಿ, ಆಮ್ಲಜನಕ ಬೇಗನೆ ಬಿಡುಗಡೆಯಾಗುವುದೇ ನಾಳಗಳನ್ನು ಬಿಗಿಸುತ್ತದೆಂದು ವಾದಿಸಿ, ಸ್ಯಾನ್ ಡಿಯಾಗೋದಲ್ಲಿ ಸ್ಯಾಂಗಾರ್ಟ್ ಎಂಬ ಕಂಪನಿಯನ್ನು ಸ್ಥಾಪಿಸಿ, ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಡುವ ದೊಡ್ಡ ಅಣುವೊಂದನ್ನು ತಯಾರಿಸಿದರು. ಆ ಕಂಪನಿ 2013ರಲ್ಲಿ ಮುಚ್ಚಿತು.

ಹಿಮೋಗ್ಲೋಬಿನ್ನಿನ ಗೊಡವೆಯೇ ಬೇಡವೆಂದು ಇನ್ನೊಂದು ದಾರಿ ಹಿಡಿದವರೂ ಇದ್ದರು. 1966ರಲ್ಲಿ ಲೀಲಂಡ್ ಕ್ಲಾರ್ಕ್ ಮತ್ತು ಫ್ರ್ಯಾಂಕ್ ಗೊಲನ್ ಪರ್‌ಫ್ಲೋರೋಕಾರ್ಬನ್ ಎಂಬ ದ್ರವದೊಳಗೆ ಇಲಿಯನ್ನು ಪೂರ್ತಿಯಾಗಿ ಮುಳುಗಿಸಿ, ಅದು ಆ ದ್ರವವನ್ನೇ ಉಸಿರಾಡುತ್ತ ಬದುಕಿರುವುದನ್ನು ತೋರಿಸಿದರು. ಇಂಗಾಲ ಮತ್ತು ಫ್ಲೋರಿನ್‌ಗಳಿಂದಾದ ಈ ದ್ರವದಲ್ಲಿ ಆಮ್ಲಜನಕ ಅಷ್ಟು ಸಮೃದ್ಧವಾಗಿ ಕರಗುತ್ತದೆ. ಎರಡು ವರ್ಷಗಳ ತರುವಾಯ ಹಾರ್ವರ್ಡಿನ ರಾಬರ್ಟ್ ಗೇಯರ್ ಇಲಿಗಳ ರಕ್ತವನ್ನೆಲ್ಲ ತೆಗೆದು, ಈ ದ್ರವದ ಸೂಕ್ಷ್ಮ ಹನಿಗಳನ್ನು ನೀರಿನಲ್ಲಿ ಬೆರೆಸಿದ ಬಿಳಿಯ ಮಿಶ್ರಣವನ್ನು ತುಂಬಿ ಅವನ್ನು ಬದುಕಿಸಿದರು. ಕ್ಲಾರ್ಕ್ ಅವರದು ಬಹುಮುಖ ಪ್ರತಿಭೆ: ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ವಿದ್ಯುದಗ್ರ ಅವರದೇ, ಮಧುಮೇಹಿಗಳು ಮನೆಯಲ್ಲಿ ಬೆರಳು ಚುಚ್ಚಿ ಸಕ್ಕರೆಯನ್ನು ನೋಡಿಕೊಳ್ಳುವ ಸಾಧನದ ಮೂಲಕಲ್ಪನೆಯೂ ಅವರದೇ. ಇಂತಹವರ ಆವಿಷ್ಕಾರಗಳ ಸುತ್ತ ಕಂಪನಿಗಳು ಕಟ್ಟಿಕೊಳ್ಳುವುದು ಸಹಜ. ಆದರೆ ಆವಿಷ್ಕರ್ತನೇ ಸಲಹೆಗಾರನೂ ಆದಾಗ ತನ್ನ ಕೂಸಿನ ಕುಂದನ್ನು ಎತ್ತಿ ಹೇಳುವ ಕಠಿಣ ಕರ್ತವ್ಯವೂ ಅವನ ಮೇಲೆಯೇ ಬೀಳುತ್ತದೆ. ವರನ ಗುಣವನ್ನು ವರನ ಮನೆಯಲ್ಲಿಯೇ ವಿಚಾರಿಸಿ ಸಂಬಂಧ ಬೆಳೆಸಿದಂತೆ ಆಗುವ ಅಪಾಯ ಅಲ್ಲಿ ಸದಾ ಇರುತ್ತದೆ.

ಜಪಾನಿನ ಗ್ರೀನ್ ಕ್ರಾಸ್ ಕಂಪನಿಯ ರಿಯೋಇಚಿ ನೈಟೋ ಈ ಮಿಶ್ರಣವನ್ನು ಫ್ಲೂವೊಸಾಲ್ ಎಂಬ ಔಷಧವಾಗಿ ರೂಪಿಸಿದರು. ಯುದ್ಧಕಾಲದಲ್ಲಿ ಮಂಚೂರಿಯದಲ್ಲಿ ಬಂದಿಗಳ ಮೇಲೆ ಘೋರ ಪ್ರಯೋಗಗಳನ್ನು ನಡೆಸಿದ 731ನೆಯ ಘಟಕದ ಮುಖ್ಯಸ್ಥ ಶಿರೋ ಇಶೀಯ ಆಪ್ತ ಸಹಚರರಾಗಿದ್ದವರೇ ಈ ನೈಟೋ ಎಂಬುದನ್ನು ಬರೆಯುವಾಗ ಲೇಖನಿ ಹಿಂಜರಿಯುತ್ತದೆ. ಆದರೂ ಬರೆಯಬೇಕು, ಏಕೆಂದರೆ ಪಾಂಡಿತ್ಯವೂ ಮನುಷ್ಯನ ಮೇಲಿನ ಕರುಣೆಯೂ ಒಟ್ಟಿಗೇ ಇರುತ್ತವೆಂದು ನಂಬುವುದಕ್ಕೆ ಆಧಾರವಿಲ್ಲ. ಫ್ಲೂವೊಸಾಲ್ ಕೆಲಸ ಮಾಡಬೇಕಾದರೆ ರೋಗಿ ಹೆಚ್ಚುಕಡಮೆ ಶುದ್ಧ ಆಮ್ಲಜನಕವನ್ನೇ ಉಸಿರಾಡಬೇಕಾಗಿತ್ತು. ಅದನ್ನು ಹೆಪ್ಪುಗಟ್ಟಿಸಿ ಇಟ್ಟು, ಬೇಕಾದಾಗ ಕರಗಿಸಿ, ಬೇರೆ ದ್ರಾವಣಗಳೊಡನೆ ಬೆರೆಸಬೇಕಾಗಿತ್ತು. 1989ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದಕ್ಕೆ ಅನುಮತಿ ನೀಡಿತಾದರೂ, ಅದು ಹೃದಯದ ನಾಳವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ ಮಾತ್ರ ಸೀಮಿತವಾಗಿತ್ತು; 1994ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಸೋವಿಯತ್ ದೇಶದಲ್ಲಿ ಇದೇ ಬಗೆಯ ಪರ್‌ಫ್ಟೊರಾನ್ ಎಂಬುದನ್ನು ರೂಪಿಸಿದ ಫೆಲಿಕ್ಸ್ ಬೆಲೊಯಾರ್ತ್ಸೆವ್ ಗುಪ್ತಪೊಲೀಸರ ತನಿಖೆಗೆ ಗುರಿಯಾಗಿ 1985ರ ಡಿಸೆಂಬರಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಔಷಧಕ್ಕೆ ರಷ್ಯದಲ್ಲಿ ಅನುಮತಿ ದೊರೆತುದು 1996ರಲ್ಲಿ.

ಎಲ್ಲಕ್ಕಿಂತ ಹೆಚ್ಚು ಮನಸ್ಸನ್ನು ಕಲಕುವ ಪ್ರಕರಣ ಇಲಿನಾಯ್ ಸಂಸ್ಥಾನದ ನಾರ್ತ್‌ಫೀಲ್ಡ್ ಲ್ಯಾಬೊರೇಟರೀಸ್ ಎಂಬ ಕಂಪನಿಯದು. ಅವಧಿ ಮೀರಿದ ಮಾನವ ರಕ್ತದಿಂದ ಹಿಮೋಗ್ಲೋಬಿನ್ನನ್ನು ತೆಗೆದು ಅಣುಗಳನ್ನು ಒಂದಕ್ಕೊಂದು ಪೋಣಿಸಿ ಅವರು ತಯಾರಿಸಿದ ದ್ರವಕ್ಕೆ ಪಾಲಿಹೀಮ್ ಎಂದು ಹೆಸರು. 2003ರ ಕೊನೆಯಿಂದ 2006ರವರೆಗೆ ಅಮೆರಿಕದ ಹಲವು ನಗರಗಳಲ್ಲಿ ಸುಮಾರು 700 ಗಾಯಾಳುಗಳ ಮೇಲೆ ಇದನ್ನು ಪರೀಕ್ಷಿಸಿದರು. ಪ್ರಜ್ಞೆ ತಪ್ಪಿ ರಕ್ತ ಸುರಿಸುತ್ತಿರುವವನಿಂದ ಒಪ್ಪಿಗೆ ಪಡೆಯಲಾಗದು; ಆದುದರಿಂದ ಒಪ್ಪಿಗೆಯಿಲ್ಲದೆಯೇ ಪ್ರಯೋಗ ನಡೆಸಲು ಅಲ್ಲಿಯ ಕಾನೂನು 1996ರಿಂದ ಕೆಲವು ನಿಬಂಧನೆಗಳೊಡನೆ ಅವಕಾಶ ಕೊಟ್ಟಿದೆ. ಬೇಡವೆನ್ನುವ ನಾಗರಿಕರು ಮೊದಲೇ ನೀಲಿ ಬಣ್ಣದ ಕೈಪಟ್ಟಿಯೊಂದನ್ನು ಕೇಳಿ ಪಡೆದು ಕಟ್ಟಿಕೊಂಡಿರಬೇಕಾಗಿತ್ತು. ಆಂಬುಲೆನ್ಸಿನಲ್ಲಿ ರಕ್ತ ದೊರೆಯದಾದುದರಿಂದ ಅಲ್ಲಿ ಪಾಲಿಹೀಮ್ ಕೊಡುವುದನ್ನು ಒಪ್ಪಬಹುದು. ಆದರೆ ಪ್ರಯೋಗದ ಕ್ರಮದಂತೆ ರೋಗಿ ಆಸ್ಪತ್ರೆಯನ್ನು ತಲಪಿ, ಹೊಂದುವ ನಿಜವಾದ ರಕ್ತ ಅಲ್ಲಿ ಸಿದ್ಧವಾಗಿದ್ದಾಗಲೂ, ಗಾಯವಾದ 12 ಗಂಟೆಗಳ ಪರ್ಯಂತ ಪಾಲಿಹೀಮನ್ನೇ ಮುಂದುವರಿಸಲಾಗುತ್ತಿತ್ತು. ಇದು ಸಲ್ಲದೆಂದು ಕೆನೆತ್ ಕಿಪ್ನಿಸ್, ನ್ಯಾನ್ಸಿ ಕಿಂಗ್, ರಾಬರ್ಟ್ ನೆಲ್ಸನ್ ಎಂಬ ಮೂವರು ನೀತಿಶಾಸ್ತ್ರಜ್ಞರು 2006ರಲ್ಲಿ ಬಹಿರಂಗ ಪತ್ರ ಬರೆದರು. ಅವರು ಕಂಪನಿಯ ಸಲಹೆಗಾರರಾಗಿರಲಿಲ್ಲ; ಹೊರಗಿನವರು. ಒಳಗಿದ್ದ ಪಂಡಿತರು ಎತ್ತಬೇಕಾಗಿದ್ದ ಪ್ರಶ್ನೆಯನ್ನು ಹೊರಗಿನವರು ಬೀದಿಯಲ್ಲಿ ನಿಂತು ಕೂಗಿ ಕೇಳಬೇಕಾಗಿ ಬಂದುದೇ ನನಗೆ ಖೇದಕರವಾಗಿ ತೋರುತ್ತದೆ.

ಅದೇ ವರ್ಷ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಇನ್ನೊಂದು ವಿಷಯವನ್ನು ಹೊರಗೆಡಹಿತು. ಇದಕ್ಕೂ ಮೊದಲು ಮಹಾಧಮನಿಯ ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆ ನಡೆಸಿ ಅರ್ಧಕ್ಕೆ ನಿಲ್ಲಿಸಿದ್ದ ಪ್ರಯೋಗದಲ್ಲಿ, ಪಾಲಿಹೀಮ್ ಪಡೆದ 81 ಮಂದಿಯಲ್ಲಿ 10 ಮಂದಿಗೆ ಹೃದಯಾಘಾತವಾಗಿದ್ದಿತು. ನಿಜವಾದ ರಕ್ತ ಪಡೆದ 71 ಮಂದಿಯಲ್ಲಿ ಒಬ್ಬರಿಗೂ ಆಗಿರಲಿಲ್ಲ. ಕಂಪನಿ ಇದಕ್ಕೆ ಬೇರೆ ಕಾರಣಗಳನ್ನು ಕೊಟ್ಟಿತು. ಆ ಕಾರಣಗಳು ಸರಿಯೋ ತಪ್ಪೋ ಎಂದು ವಿದ್ವತ್ಸಮೂಹ ಪರಿಶೀಲಿಸುವಂತೆ ಫಲಿತಾಂಶವನ್ನು ಸಕಾಲದಲ್ಲಿ ಪ್ರಕಟಿಸಿರಲಿಲ್ಲ. ಕೊನೆಗೆ ಗಾಯಾಳುಗಳ ಪ್ರಯೋಗ ಮುಗಿದಾಗ, ಪಾಲಿಹೀಮ್ ಪಡೆದವರಲ್ಲಿ ಶೇಕಡಾ 13ಕ್ಕೂ ಮಿಕ್ಕು, ಉಳಿದವರಲ್ಲಿ ಶೇಕಡಾ 10ಕ್ಕೆ ಸಮೀಪವಾಗಿ ಸಾವುಗಳು ಕಂಡುಬಂದುವು. 2009ರಲ್ಲಿ ಅನುಮತಿ ನಿರಾಕೃತವಾಯಿತು; ಕಂಪನಿ ಮುಚ್ಚಿತು. ಬಯೋಪ್ಯೂರ್ ಎಂಬ ಇನ್ನೊಂದು ಕಂಪನಿ ಹಸುವಿನ ಹಿಮೋಗ್ಲೋಬಿನ್ನಿನಿಂದ ತಯಾರಿಸಿದ ದ್ರವಕ್ಕೆ 1998ರಲ್ಲಿ ನಾಯಿಗಳ ಚಿಕಿತ್ಸೆಗೆಂದು ಅಮೆರಿಕದಲ್ಲಿಯೂ, 2001ರಲ್ಲಿ ಮನುಷ್ಯರಿಗೆಂದು ದಕ್ಷಿಣ ಆಫ್ರಿಕದಲ್ಲಿಯೂ ಅನುಮತಿ ಪಡೆದಿತ್ತು. ಸುರಕ್ಷತೆಯ ಸಂದೇಹದಿಂದ ಔಷಧ ಇಲಾಖೆ ಕಂಪನಿಯ ಪ್ರಯೋಗವನ್ನು ತಡೆಹಿಡಿದುದನ್ನು ಷೇರುದಾರರಿಂದ ಮರೆಮಾಚಿತೆಂದು ಆ ಕಂಪನಿಯ ಮೇಲೆ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 2005ರಲ್ಲಿ ದಾವೆ ಹೂಡಿತು.

2008ರಲ್ಲಿ ಚಾರ್ಲ್ಸ್ ನಟಾನ್ಸನ್ ಮತ್ತು ಸಂಗಡಿಗರು ಐದು ಬಗೆಯ ಹಿಮೋಗ್ಲೋಬಿನ್ ದ್ರವಗಳ 16 ಪ್ರಯೋಗಗಳನ್ನು, ಒಟ್ಟು 3,711 ರೋಗಿಗಳ ವಿವರಗಳನ್ನು ಕಲೆಹಾಕಿ ಲೆಕ್ಕ ಹಾಕಿದರು: ಸಾವಿನ ಸಂಭವ ಶೇಕಡಾ 30ರಷ್ಟು ಹೆಚ್ಚು, ಹೃದಯಾಘಾತದ ಸಂಭವ 2.7 ಪಟ್ಟು. ಒಂದೊಂದು ಕಂಪನಿಯೂ ತನ್ನ ಫಲಿತಾಂಶವನ್ನು ಆಗಿಂದಾಗ್ಗೆ ಪ್ರಕಟಿಸಿದ್ದರೆ ಈ ಅಪಾಯ 2000ನೆಯ ವರ್ಷದ ಹೊತ್ತಿಗೇ ಸ್ಪಷ್ಟವಾಗುತ್ತಿತ್ತೆಂದು ಅವರು ಬರೆದರು. ಬೇರೆ ಬೇರೆ ದ್ರವಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದುದು ನ್ಯಾಯವಲ್ಲವೆಂಬ ಆಕ್ಷೇಪವೂ ಬಂದಿತು. ಅದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಫಲಿತಾಂಶಗಳನ್ನು ಬಚ್ಚಿಟ್ಟುದಕ್ಕೆ ಆ ಆಕ್ಷೇಪ ಉತ್ತರವಾಗದು.

ಇಲ್ಲಿ ಎರಡು ಬಗೆಯ ಮಂಡಲಿಗಳನ್ನು ಸಾಮಾನ್ಯ ವಾಚಕರು ಬೇರ್ಪಡಿಸಿ ನೋಡಬೇಕು. ವೈಜ್ಞಾನಿಕ ಸಲಹಾಮಂಡಲಿಯನ್ನು ಆಯ್ದುಕೊಳ್ಳುವುದು ಕಂಪನಿ. ಅದರ ಮಾತು ಕಂಪನಿಯ ಗೋಡೆಗಳೊಳಗೆ ಉಳಿಯುತ್ತದೆ. ಪ್ರಯೋಗದ ಸುರಕ್ಷತೆಯನ್ನು ಕಾಯುವ ಸ್ವತಂತ್ರ ಸಮಿತಿ ಇನ್ನೊಂದು. ಯಾರಿಗೆ ಯಾವ ದ್ರವ ಹೋಗಿದೆ, ಯಾರು ಸತ್ತರು, ಯಾರು ಉಳಿದರು ಎಂಬ ಮುಚ್ಚಿದ ಲೆಕ್ಕವನ್ನು ನಡುವೆ ತೆರೆದು ನೋಡಿ, ಪ್ರಯೋಗವನ್ನು ನಿಲ್ಲಿಸಬೇಕೆಂದು ಹೇಳುವ ಅಧಿಕಾರ ಅದಕ್ಕೆ ಉಂಟು. ಮೊದಲನೆಯದು ಔಷಧವನ್ನು ಹುಟ್ಟಿಸಲು ನೆರವಾಗುವುದು, ಎರಡನೆಯದು ಮನುಷ್ಯನನ್ನು ಉಳಿಸಲು ನಿಲ್ಲುವುದು. ಆದರೆ ಎರಡನೆಯ ಸಮಿತಿ ಕೆಲಸಕ್ಕೆ ತೊಡಗುವ ಹೊತ್ತಿಗೆ ದ್ರವ ರೋಗಿಗಳ ನಾಳಗಳೊಳಗೆ ಇಳಿದಿರುತ್ತದೆ. ಅದಕ್ಕಿಂತ ಮೊದಲು, ಹಂದಿಯ ಶ್ವಾಸಕೋಶದಲ್ಲಿ ಒತ್ತಡ ಏರಿದ ದಿನವೇ, ತಡೆಯಬೇಕಾದವರು ಮೊದಲನೆಯ ಮಂಡಲಿಯವರು. ಸಲಹೆಗಾರರಿಗೆ ಹಣ ಕೊಡಬಾರದೆಂದು ನಾನು ಹೇಳುವುದಿಲ್ಲ, ವಿದ್ವತ್ತಿಗೆ ಬೆಲೆಯುಂಟು. ಷೇರುಗಳನ್ನು ಮಾತ್ರ ಕೊಡಬಾರದು. ಔಷಧ ಗೆದ್ದರೆ ಶ್ರೀಮಂತನಾಗುವವನು ಅದರ ಸೋಲಿನ ಚಿಹ್ನೆಗಳನ್ನು ಬೇಗನೆ ಗುರುತಿಸಲಾರ. ಅವರ ಭಿನ್ನಾಭಿಪ್ರಾಯ ದಾಖಲೆಯಾಗಬೇಕು, ಆ ದಾಖಲೆ ಔಷಧ ನಿಯಂತ್ರಣಾಧಿಕಾರಿಗಳ ಕೈಸೇರಬೇಕು, ಪ್ರಾಣಿಗಳ ಮೇಲೆ ನಡೆದ ವಿಫಲ ಪ್ರಯೋಗಗಳೂ ಪ್ರಕಟವಾಗಬೇಕು.

ಸಂಶೋಧನೆ ನಿಂತಿಲ್ಲ, ನಿಲ್ಲಬಾರದು ಕೂಡ. ಮಾಂಟ್ರಿಯಲ್ಲಿನ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಥಾಮಸ್ ಚಾಂಗ್ 1957ರಲ್ಲಿಯೇ ಹಿಮೋಗ್ಲೋಬಿನ್ನನ್ನು ಕೃತಕ ಪೊರೆಯೊಳಗೆ ತುಂಬುವ ಕಲ್ಪನೆಯನ್ನು ಮುಂದಿಟ್ಟಿದ್ದರು. ಪೊರೆಯಿಲ್ಲದ ಹಿಮೋಗ್ಲೋಬಿನ್ನಿನಿಂದ ಪೆಟ್ಟು ತಿಂದ ಮೇಲೆ ವಿಜ್ಞಾನಿಗಳು ಮರಳಿ ಆ ಕಡೆಗೆ ತಿರುಗಿದ್ದಾರೆ. ಜಪಾನಿನ ನಾರಾ ವೈದ್ಯಕೀಯ ವಿಶ್ವವಿದ್ಯಾನಿಲಯದ ಹಿರೋಮಿ ಸಕಾಯ್ ಅವರ ಬಳಗ ಕೊಬ್ಬಿನ ಪೊರೆಯ ಅತಿಸೂಕ್ಷ್ಮ ಕೋಶಗಳಲ್ಲಿ ಹಿಮೋಗ್ಲೋಬಿನ್ನನ್ನು ಅಡಗಿಸಿ, ಆರೋಗ್ಯವಂತ ಸ್ವಯಂಸೇವಕರಿಗೆ ಅಲ್ಪಪ್ರಮಾಣದಲ್ಲಿ ಕೊಟ್ಟು ನೋಡಿದೆ. ಮೇರಿಲ್ಯಾಂಡಿನಲ್ಲಿ ಅಲನ್ ಡಾಕ್ಟರ್ ಎಂಬ ವೈದ್ಯರು ಪುಡಿಯಾಗಿ ಒಣಗಿಸಿ ಇಡಬಲ್ಲ, ನೀರು ಬೆರೆಸಿ ಕೊಡಬಲ್ಲ ಅಂತಹದೇ ಕೋಶಗಳನ್ನು ಪ್ರಾಣಿಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ಬ್ರಿಟನ್ನಿನಲ್ಲಿ 2022ರಲ್ಲಿ, ದಾನಿಯ ಮೂಲಕೋಶಗಳಿಂದ ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೆಂಪು ಕಣಗಳನ್ನು ಪ್ರಥಮ ಬಾರಿಗೆ ಸ್ವಯಂಸೇವಕರಿಗೆ ಕೊಟ್ಟರು. ಕೊಟ್ಟ ಪ್ರಮಾಣ ಒಂದೆರಡು ಚಮಚೆಯಷ್ಟು. ಇವುಗಳ ಹಿಂದೆಯೂ ಕಂಪನಿಗಳಿವೆ, ಸಲಹೆಗಾರರಿದ್ದಾರೆ.

ಇವುಗಳಲ್ಲಿ ಯಾವುದೊಂದೂ ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಬರುವ ದಿನ ಹತ್ತಿರವಿಲ್ಲ. ಹಣಕ್ಕಾಗಿ ರಕ್ತ ಮಾರುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಆದುದರಿಂದ ನಮ್ಮ ರಕ್ತನಿಧಿಗಳು ನಡೆಯಬೇಕಾದುದು ಸ್ವಇಚ್ಛೆಯಿಂದ ಕೊಡುವವರಿಂದಲೇ. 18ರಿಂದ 65 ವರ್ಷ ವಯಸ್ಸಿನ, 45 ಕಿಲೋಗ್ರಾಮಿಗೆ ಕಡಮೆಯಿಲ್ಲದ ತೂಕವುಳ್ಳ, ಹಿಮೋಗ್ಲೋಬಿನ್ ಪ್ರಮಾಣ 12.5 ಗ್ರಾಮಿಗೆ ಕಡಮೆಯಿಲ್ಲದ ಆರೋಗ್ಯವಂತರು, ಗಂಡಸರಾದರೆ ಮೂರು ತಿಂಗಳಿಗೊಮ್ಮೆ, ಹೆಂಗಸರಾದರೆ ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಈ ಲೇಖನವನ್ನು ಓದಿದವರಲ್ಲಿ ಶಕ್ತರಾದವರು ಸಮೀಪದ ರಕ್ತನಿಧಿಗೆ ಹೋಗಿ ಕೊಟ್ಟುಬರಬೇಕೆಂದು ಕೇಳಿಕೊಳ್ಳುತ್ತೇನೆ.